ವರಲಕ್ಷ್ಮಿ ಯಾರು?

ಅಪ್ಪನನ್ನು ವೃದ್ಧಾಶ್ರಮಕ್ಕೆ ಸೇರಿಸಿ ಹನ್ನೊಂದು ದಿನ ಆಗಿತ್ತು. ರಾತ್ರಿ ಎಂಟೂವರೆಗೆ ಅಲ್ಲಿಂದ ಫೋನ್ ಬಂತು. ಎದೆ ಧಸಕ್ ಅಂತು. ಬಿದ್ದುಬಿಟ್ಟರೋ ಏನೋ ಅಂದುಕೊಂಡೆ. ಅಪ್ಪನನ್ನು ನೋಡಿಕೊಳ್ಳುವ ಹುಡುಗಿಯೇ ಮಾತಾಡಿದಳು.

"ಅಕ್ಕಾ, ಗಾಬರಿ ಆಗಬೇಡ್ರಿ, ಅಜ್ಜ ಚೆನ್ನಾಗಿದ್ದಾರೆ. ಒಂದು ವಿಷಯ ಕೇಳಬೇಕಿತ್ತು. ವರಲಕ್ಷ್ಮಿ ಅಂದ್ರೆ ಯಾರು? ನಿಮ್ಮ ಅವ್ವನಾ?"

ನಮ್ಮ ಅವ್ವನ ಹೆಸರು ಅದಲ್ಲ. ನಮ್ಮ ಬಳಗದಲ್ಲೇ ಆ ಹೆಸರಿನವರು ಯಾರೂ ಇಲ್ಲ.

"ದಿನಾ ಸಂಜೆ ಆದ್ರೆ ಸಾಕು, ವರಲಕ್ಷ್ಮಿ ಬಂತಾ, ವರಲಕ್ಷ್ಮಿ ಬಂತಾ ಅಂತ ಗೇಟಿನ ಹತ್ರ ನಿಲ್ತಾರೆ. ನಾಳೆ ಬರ್ತಾಳೆ ಅಜ್ಜ ಅಂದ್ರೆ ಸಿಟ್ಟು ಜಾಸ್ತಿ ಆಗುತ್ತೆ. ನಿನಗೇನು ಗೊತ್ತು ಅಂತ ಬೈತಾರೆ."

"ಬಂತಾ ಅಂತಾರಾ, ಬಂದಳಾ ಅಂತಾರಾ?" ಅಂತ ಕೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಬಂತಾ ಅಂತಾನೇ ಅಕ್ಕ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ವರಲಕ್ಷ್ಮಿ ಹೆಂಗಸಲ್ಲ. ಅದು ಹತ್ತಿ. ಧಾರವಾಡದಲ್ಲಿ ಬೆಳೆಸಿ 1972ರಲ್ಲಿ ರೈತರ ಹೊಲಕ್ಕೆ ಬಂದ ಹೈಬ್ರಿಡ್ ಹತ್ತಿ. ಎಳೆ ಉದ್ದ. ಅಪ್ಪ ಮಿಲ್ಲಿನಲ್ಲಿ ನೂಲುವ ಯಂತ್ರದ ಮುಂದೆ ನಿಂತು ದುಡಿದವರು. ನೂಲು ಕಡಿದ ಕಡೆಯೆಲ್ಲ ಓಡಿಹೋಗಿ ಬೆರಳಿನಿಂದ ಕೂಡಿಸುವುದು ಅವರ ಕೆಲಸ. ಹತ್ತಿಯ ಎಳೆ ಗಿಡ್ಡ ಇದ್ದರೆ ನೂಲು ಮೇಲಿಂದ ಮೇಲೆ ಕಡಿಯುತ್ತೆ. ಪಾಳಿ ಮುಗಿಯುವವರೆಗೂ ಓಟ. ವರಲಕ್ಷ್ಮಿ ಬಂದಿದೆ ಅಂದರೆ ಅವತ್ತು ಕಾಲಿಗೆ ಸ್ವಲ್ಪ ಬಿಡುವು. ನಾನು ಚಿಕ್ಕವಳಿದ್ದಾಗ ಅಪ್ಪ ಅವ್ವನ ಹತ್ತಿರ ಹೇಳುತ್ತಿದ್ದರು, "ಇವತ್ತು ವರಲಕ್ಷ್ಮಿ ಅಂಡಿಗೆ ಬಂದಾವೆ ಕಣೇ, ವಾರ ಆರಾಮು." ಅಂಡಿಗೆ ಅಂದರೆ ಹತ್ತಿಯ ಮೂಟೆ.

ಆಶ್ರಮದ ಅರ್ಜಿಯಲ್ಲಿ "ಹಿಂದಿನ ಉದ್ಯೋಗ" ಅಂತ ಒಂದು ಸಣ್ಣ ಚೌಕ ಇತ್ತು. ಅದರಲ್ಲಿ ನಾನು "ಮಿಲ್ ಕಾರ್ಮಿಕ" ಅಂತ ಎರಡು ಪದ ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಅದು ನನ್ನ ತಪ್ಪು.

ಅಪ್ಪ ಜಗಳೂರು ತಾಲ್ಲೂಕಿನವರು. ಮಳೆ ಕಡಿಮೆಯ ಸೀಮೆ. 1968ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಒಂದು ಟ್ರಂಕು ಹಿಡಿದು ದಾವಣಗೆರೆಗೆ ಬಂದರು. ಆಗ ಈ ಊರಲ್ಲಿ ಒಂದರ ಹಿಂದೆ ಒಂದು ಹತ್ತಿ ಮಿಲ್ಲು. ಮ್ಯಾಂಚೆಸ್ಟರ್ ಅನ್ನುವ ಹೆಸರೂ ಇತ್ತು. ಮಿಲ್ಲಿನ ಕೂಗಿಗೆ ಊರೇ ಏಳುತ್ತಿತ್ತು. ಅಪ್ಪನ ಮಿಲ್ಲು ಬಾಗಿಲು ಹಾಕಿದಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಆಮೇಲೆ ಬಟ್ಟೆ ಅಂಗಡಿಯಲ್ಲಿ ಕಾವಲು, ಗೋಡೌನಿನಲ್ಲಿ ಲೆಕ್ಕ, ಹೀಗೆ ಕಾಲ ಹಾಕಿದರು. 2019ರಲ್ಲಿ ಅವ್ವ ತೀರಿಕೊಂಡಳು. ಅಣ್ಣ ಬೆಂಗಳೂರಿನಲ್ಲಿ ಇದ್ದ. ಅಪ್ಪ ಊರು ಬಿಟ್ಟು ಬರಲ್ಲ ಅಂದರು. ಹಾಗಾಗಿ ನಿಟುವಳ್ಳಿಯ ನಮ್ಮ ಮನೆಗೆ ಬಂದರು. ಮಗಳ ಮನೆಯಲ್ಲಿ ಅಪ್ಪ ಇರೋದು ಅಂದರೆ ನಮ್ಮ ಕಡೆ ಇನ್ನೂ ಮಾತಾಡುವ ವಿಷಯ. ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ಅತ್ತೆ ಕೂಡ ಆಡಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು.

ಮರೆವು ಶುರುವಾಗಿದ್ದು ಯಾವಾಗ ಅಂತ ಕೇಳಿದರೆ ಹೇಳೋದು ಕಷ್ಟ. ನಮಗೆ ಕಣ್ಣಿಗೆ ಬಿದ್ದದ್ದು 2022ರ ಶ್ರಾವಣದಲ್ಲಿ. ಮಂಡಕ್ಕಿ ತರಲು ಹೋದವರು 50 ರೂಪಾಯಿ ಕೊಡುವ ಕಡೆ 500 ಕೊಟ್ಟು ಚಿಲ್ಲರೆ ತರದೆ ಬಂದರು. ಅಂಗಡಿಯವರು ಒಳ್ಳೆಯವರು, ಮನೆಗೇ ತಂದು ಕೊಟ್ಟರು. ಆಮೇಲೆ ಒಂದೇ ಕಥೆಯನ್ನು ಅರ್ಧ ಗಂಟೆಯಲ್ಲಿ ಮೂರು ಸಲ ಹೇಳೋದು. ನಾವು "ಅರವತ್ತಕ್ಕೆ ಅರಳು ಮರಳು, ಇವರಿಗೆ ಎಪ್ಪತ್ತು ದಾಟಿದೆ" ಅಂತ ಸುಮ್ಮನಾದೆವು. ಆ ಗಾದೆ ನಮ್ಮ ಮೂರು ತಿಂಗಳು ನುಂಗಿತು.

ಒಂದು ದಿನ ಬೆಳಗ್ಗೆ ಏಳಕ್ಕೆ ಅಪ್ಪ ಮನೆಯಲ್ಲಿ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಹಳೇ ಮಿಲ್ಲಿನ ಜಾಗದ ಹತ್ತಿರ. ಮಿಲ್ಲು ಅಲ್ಲಿಲ್ಲ. ಸೈಟು ಆಗಿ ಮನೆಗಳು ಎದ್ದಿವೆ. ಯಾರದೋ ಮನೆಯ ಗೇಟಿನ ಮುಂದೆ ಟಿಫನ್ ಡಬ್ಬಿ ಹಿಡಿದು ನಿಂತಿದ್ದರು. ಡಬ್ಬಿಯಲ್ಲಿ ಏನೂ ಇರಲಿಲ್ಲ.

ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆ ಇದ್ದರೂ, ಬಿ12 ಕಡಿಮೆ ಇದ್ದರೂ ಹೀಗೆ ಮರೆವು ಬರುತ್ತಂತೆ. ಅವನ್ನು ಔಷಧಿಯಿಂದ ಸರಿ ಮಾಡಬಹುದು, ಅದಕ್ಕೇ ಮೊದಲು ಅವು. ಎರಡೂ ಸರಿ ಇದ್ದವು. ತಲೆಯ ಸ್ಕ್ಯಾನ್ ಆಯಿತು. ಆಮೇಲೆ ಪ್ರಶ್ನೆಗಳು. ಇವತ್ತು ಯಾವ ವಾರ? ಇದು ಯಾವ ಊರು? ಮೂರು ಪದ ಹೇಳ್ತೀನಿ, ಐದು ನಿಮಿಷ ಬಿಟ್ಟು ಕೇಳ್ತೀನಿ. ನೂರರಲ್ಲಿ ಏಳು ಕಳೆಯಿರಿ. ಕೊನೆಗೆ ಒಂದು ಗಡಿಯಾರ ಬರೆಯಿರಿ ಅಂದರು. ಅಪ್ಪ ದುಂಡಗೆ ಒಂದು ಚಕ್ರ ಬರೆದು ಅದರೊಳಗೆ ಏಳು, ಮೂರು, ಹನ್ನೊಂದು ಮಾತ್ರ ಬರೆದು ಪೆನ್ನು ಕೆಳಗಿಟ್ಟರು. ಡಾಕ್ಟರು ಅದನ್ನು ನೋಡಿ ಏನೋ ಬರೆದುಕೊಂಡರು. ಆ ಮೂರೂ ಮಿಲ್ಲಿನ ಪಾಳಿ ಬದಲಾಗುವ ಹೊತ್ತು ಅಂತ ನನಗೆ ಹೊಳೆದದ್ದು ಎರಡು ವರ್ಷದ ಮೇಲೆ.

ಡಿಮೆನ್ಷಿಯಾ ಅಂದರು. ಆಲ್ಝೈಮರ್ ಕಾಯಿಲೆ ಇದೆ, ಜೊತೆಗೆ ಬಿಪಿಯಿಂದ ಮೆದುಳಿನ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬಿದ್ದಿದೆ, ಎರಡೂ ಸೇರಿವೆ ಅಂತ ಬಿಡಿಸಿ ಹೇಳಿದರು. ಡೊನೆಪೆಜಿಲ್ ಮಾತ್ರೆ ಬರೆದರು. "ಇದು ವಾಸಿ ಮಾಡಲ್ಲಮ್ಮ, ಕೆಲವರಿಗೆ ಸ್ವಲ್ಪ ದಿನ ಅನುಕೂಲ ಆಗುತ್ತೆ ಅಷ್ಟೆ. ಬಿಪಿ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ" ಅಂದರು. ನೇರವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. ಇಷ್ಟು ಮನೆಗಳಲ್ಲಿ ಇದ್ದೂ ನಮ್ಮ ಬೀದಿಯಲ್ಲಿ ಅದರ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಮನೆಯಲ್ಲಿ ಎರಡು ವರ್ಷ ನೋಡಿಕೊಂಡೆವು. ಅದನ್ನೆಲ್ಲ ಬರೆಯುತ್ತಾ ಹೋಗಲ್ಲ. ಅನುಭವಿಸಿದವರಿಗೆ ಗೊತ್ತು. ಗ್ಯಾಸ್ ಸಿಲಿಂಡರಿಗೆ ರಾತ್ರಿ ರೆಗ್ಯುಲೇಟರ್ ಬಿಚ್ಚಿಡುತ್ತಿದ್ದೆವು. ಬಾಗಿಲ ಮೇಲ್ಗಡೆ ಎರಡನೇ ಚಿಲಕ ಹಾಕಿಸಿದೆವು. ಪಿಂಚಣಿ ಕದ್ದರು ಅಂತ ನಮ್ಮನೆಯವರ ಮೇಲೆ ಕೂಗಾಡುತ್ತಿದ್ದರು, ಮರುಗಳಿಗೆ ಅವರನ್ನೇ ಊಟಕ್ಕೆ ಕರೆಯುತ್ತಿದ್ದರು. ರಾತ್ರಿ ಮೂಲೆಯಲ್ಲಿ ಮೂತ್ರ ಮಾಡುತ್ತಿದ್ದರು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಮಧ್ಯಾಹ್ನಕ್ಕೆ ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ನಾಲ್ಕು ತಿಂಗಳಲ್ಲಿ ಮೂವರು ಬದಲಾದರು. ಅವರನ್ನು ನಾನು ದೂರಲ್ಲ.

2024ರ ಡಿಸೆಂಬರಿನಲ್ಲಿ ಒಂದು ರಾತ್ರಿ ಎರಡನೇ ಚಿಲಕ ಹಾಕೋದು ಮರೆತೆ. ನಾನೇ ಮರೆತೆ. ಬೆಳಗಿನ ಜಾವ ನಾಲ್ಕೂವರೆಗೆ ರೈಲ್ವೆ ಗೇಟಿನ ಹತ್ತಿರ ಹಾಲಿನ ಗಾಡಿಯವರು ಅಪ್ಪನನ್ನು ಹಿಡಿದು ನಿಲ್ಲಿಸಿದರು. ಬರಿಗಾಲು, ಮೈಮೇಲೆ ಬನಿಯನ್ ಅಷ್ಟೇ. ಚಳಿಗೆ ಗಡಗಡ ನಡುಗುತ್ತಿದ್ದರು. ಮನೆಗೆ ಬಂದ ಮೇಲೆ ಅತ್ತೆ ಅವರಿಗೆ ಶಾಲು ಹೊದಿಸಿ ನನ್ನ ಕಡೆ ತಿರುಗಿದರು. "ನಿನ್ನ ಮುಖ ಕನ್ನಡಿಯಲ್ಲಿ ನೋಡಿಕೊಂಡಿದ್ದೀಯಾ? ಅವರಿಗಿಂತ ಮೊದಲು ನೀನು ಹೋಗ್ತೀಯ" ಅಂದರು. ಆಶ್ರಮದ ಮಾತು ಮೊದಲು ಎತ್ತಿದ್ದು ಅತ್ತೆಯೇ.

ಅಣ್ಣನಿಗೆ ಫೋನ್ ಮಾಡಿದೆ. "ಜನ ಏನಂತಾರೆ?" ಅಂದ. "ನೀನು ಹದಿನೈದು ದಿನ ಬಂದು ಇರಣ್ಣ, ಆಮೇಲೆ ಜನದ ಮಾತು ಆಡೋಣ" ಅಂದೆ. ಬಂದ. ಐದನೇ ದಿನ ರಾತ್ರಿ ಮೂರು ಗಂಟೆಗೆ ಅಪ್ಪನ ಬಟ್ಟೆ ಬದಲಿಸಿ ಬಂದು ಅಡುಗೆಮನೆಯಲ್ಲಿ ನಿಂತು ಅತ್ತ. ಖರ್ಚಿನಲ್ಲಿ ಅರ್ಧ ತನ್ನದು ಅಂದ. ಇವತ್ತಿನವರೆಗೂ ಒಂದು ತಿಂಗಳೂ ತಪ್ಪಿಸಿಲ್ಲ.

ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಸುತ್ತಮುತ್ತಲಿನ ಆಶ್ರಮಗಳ ವಿವರ ತೆಗೆದುಕೊಂಡೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಅಂತ ಭಾನುವಾರ ಭಾನುವಾರ ಸುತ್ತಿದೆವು. ಮೊದಲು ಹೋದ ಕಡೆ ಜಾಗ ಚೊಕ್ಕಟ, ಜನ ಒಳ್ಳೆಯವರು, ಹಣವೂ ಬೇಡ ಅಂದರು. ಆದರೆ ಮರೆವಿನ ಕಾಯಿಲೆ ಅಂದ ಕೂಡಲೇ ಕೈಮುಗಿದರು. "ತಮ್ಮ ಕೆಲಸ ತಾವು ಮಾಡಿಕೊಳ್ಳೋರು ಮಾತ್ರ ಇಲ್ಲಿ ಇರಬಹುದಮ್ಮ. ಇಂಥವರನ್ನ ನೋಡೋಕೆ ನಮ್ಮಲ್ಲಿ ಆಳಿಲ್ಲ." ಇದೇ ಮಾತು ಇನ್ನೂ ಎರಡು ಕಡೆ ಕೇಳಿದೆ. ಎಲ್ಲೂ ಇರಲಾಗದವರಿಗೆ ಬಾಗಿಲು ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು? ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಗೂ ಕನಿಷ್ಠ 150 ಬಡ ಹಿರಿಯರು ಇರುವಂಥ ವೃದ್ಧಾಶ್ರಮ ಕಟ್ಟಬಹುದು ಅಂತ ಇದೆ. ಅದು ಕಾಗದದಿಂದ ನೆಲಕ್ಕೆ ಇಳಿಯಬೇಕು, ಅದರಲ್ಲಿ ಮರೆವಿನವರಿಗೂ ಹಾಸಿಗೆ ಇರಬೇಕು ಅಂತ ನಾನು ಕೇಳುತ್ತಲೇ ಇರುತ್ತೇನೆ.

ಚಿತ್ರದುರ್ಗದ ಕಡೆ ಒಂದು ಜಾಗ ನೋಡಿದೆವು. ಹೆಸರು ಬೇಡ. ಮಧ್ಯಾಹ್ನ ಮೂರು ಗಂಟೆ. ಹದಿನಾರು ಜನ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಟಿವಿ ಓಡುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಒಬ್ಬ ಅಜ್ಜಿಯ ಕೈ ಕುರ್ಚಿಗೆ ದುಪಟ್ಟಾದಿಂದ ಕಟ್ಟಿತ್ತು. "ಬೀಳ್ತಾರೆ ಅಂತ" ಅಂದರು. ರಾತ್ರಿ ಎಷ್ಟು ಜನ ಇರ್ತೀರಿ ಅಂದೆ. ಒಬ್ಬರು ಅಂದರು. ಕಾರು ಹತ್ತಿದ ಮೇಲೆ ಊರು ದಾಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಬೆಂಗಳೂರಿನಲ್ಲಿ ಮರೆವಿನವರಿಗೇ ಅಂತ ಇರುವ ಒಂದು ಕಡೆ ಅಣ್ಣ ವಿಚಾರಿಸಿದ. ತಿಂಗಳಿಗೆ 45 ಸಾವಿರ. ನಮ್ಮ ಕೈಗೆ ಎಟುಕದು.

ಕೊನೆಗೆ ಸಿಕ್ಕಿದ್ದು ಬಾತಿಯ ಕಡೆ, ಊರಿನ ಹೊರಗೆ, ಇಪ್ಪತ್ತೆರಡು ಜನರ ಒಂದು ಮನೆ. ತಿಂಗಳಿಗೆ 16 ಸಾವಿರ, ಔಷಧಿ ಮತ್ತು ಡೈಪರ್ ಬೇರೆ. ದೊಡ್ಡ ಕಟ್ಟಡ ಏನಲ್ಲ. ಬಣ್ಣ ಹೋಗಿತ್ತು. ಅದು ನನಗೆ ಯಾಕೆ ಹಿಡಿಸಿತು ಅಂದರೆ, ಹೇಳದೆ ಕೇಳದೆ ಸಂಜೆ ಆರಕ್ಕೆ ಹೋಗಿದ್ದೆವು. ಮರೆವಿನವರಿಗೆ ಸಂಜೆಯೇ ಕಷ್ಟದ ಹೊತ್ತು. ಬೆಳಕು ಇಳಿದ ಹಾಗೆ ಚಡಪಡಿಕೆ ಏರುತ್ತೆ. ಆಶ್ರಮ ನೋಡಬೇಕು ಅಂದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬಾರದು, ಸಂಜೆ ಹೋಗಬೇಕು. ಅಲ್ಲಿ ದೀಪಗಳನ್ನು ಕತ್ತಲಾಗುವ ಮೊದಲೇ ಹಾಕಿದ್ದರು. ಒಬ್ಬ ಅಜ್ಜ "ಬಸ್ಸು ಹೋಗಿಬಿಡುತ್ತೆ" ಅಂತ ಗೇಟು ಅಲ್ಲಾಡಿಸುತ್ತಿದ್ದರು. ಒಬ್ಬಳು ಹುಡುಗಿ ಅವರ ಪಕ್ಕ ಹೋಗಿ "ಯಾವ ಊರಿಗೆ ಅಜ್ಜ? ನಾನೂ ಬರ್ತೀನಿ, ಬಸ್ಸು ಬರೋವರೆಗೆ ಚಾ ಕುಡಿಯೋಣ ಬರ್ರಿ" ಅಂದಳು. ಅಜ್ಜ ಅವಳ ಕೈ ಹಿಡಿದು ಒಳಗೆ ನಡೆದರು. ನಾನು ಬಚ್ಚಲಿಗೂ ಹೋಗಿ ನೋಡಿದೆ. ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇತ್ತು, ನೆಲ ಒಣಗಿತ್ತು. ಕಟ್ಟಿ ಹಾಕ್ತೀರಾ ಅಂತ ನೇರವಾಗಿಯೇ ಕೇಳಿದೆ. ಮೇಲ್ವಿಚಾರಕಿ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. "ಇಲ್ಲ ಮೇಡಂ. ಆದ್ರೆ ಒಂದು ಸಲವೂ ಬೀಳಲ್ಲ ಅಂತ ಭಾಷೆ ಕೊಡೋಕೆ ಆಗಲ್ಲ. ಓಡಾಡೋರು ಬೀಳ್ತಾರೆ" ಅಂದರು. ಆ ಉತ್ತರಕ್ಕೇ ನಾನು ಒಪ್ಪಿದೆ.

ಕಾಗದ ಪತ್ರದ್ದು ಹೆಚ್ಚೇನಿಲ್ಲ. ಆಧಾರ್, ಡಾಕ್ಟರ ಚೀಟಿಗಳು, ಮಾತ್ರೆಗಳ ಪಟ್ಟಿ, ಫೋಟೊ, ರಾತ್ರಿ ಏನಾದರೂ ಆದರೆ ಯಾವ ಆಸ್ಪತ್ರೆಗೆ ಅನ್ನುವುದಕ್ಕೆ ನಮ್ಮ ಸಹಿ, ಇಬ್ಬರ ಫೋನ್ ನಂಬರು. ಕಷ್ಟವಾದದ್ದು ಅಪ್ಪನ ಸಹಿ. "ನನ್ನ ಇಚ್ಛೆಯಿಂದ ಸೇರುತ್ತಿದ್ದೇನೆ" ಅನ್ನುವ ಸಾಲಿನ ಕೆಳಗೆ ಅವರು ಸಹಿ ಹಾಕಬೇಕಿತ್ತು. ನಾನು ಹಿಂದಿನ ರಾತ್ರಿ ಹೇಳಿದ್ದೆ, ಬೆಳಗ್ಗೆ ಹೇಳಿದ್ದೆ, ಆಟೊದಲ್ಲಿ ಹೇಳಿದ್ದೆ. ಮೂರೂ ಸಲ ಅಪ್ಪ ಹೂಂ ಅಂದಿದ್ದರು. ಹೂಂ ಅಂದದ್ದು ಒಪ್ಪಿಗೆ ಆಗುತ್ತಾ? ನನಗೆ ಇವತ್ತಿಗೂ ಅದು ಚುಚ್ಚುತ್ತೆ. ಪೆನ್ನು ಕೊಟ್ಟಾಗ ಅಪ್ಪ ನನ್ನ ಮುಖ ನೋಡಿ, "ಇಲ್ಲಿ ಡ್ಯೂಟಿ ಹಾಕಿದಾರಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮೇಲ್ವಿಚಾರಕಿ "ಹೌದಜ್ಜ, ಇವತ್ತಿಂದ" ಅಂದರು. ಅಪ್ಪ ಸಹಿ ಹಾಕಿದರು.

ಒಂದು ವಾರ ಬರಬೇಡಿ, ಹೊಂದಿಕೊಳ್ಳಲಿ ಅಂದಿದ್ದರು. ನಾನು ನಾಲ್ಕನೇ ದಿನಕ್ಕೇ ಹೋದೆ. ಹೋಗಿದ್ದು ಸರಿ ಅಂತಲೇ ಈಗಲೂ ಅನ್ನಿಸುತ್ತೆ. ಅಪ್ಪ ಮಂಚದ ಮೇಲೆ ಕೂತು "ನಿಮ್ಮವ್ವ ಎಲ್ಲಿ?" ಅಂದರು. ಮನೆಯಲ್ಲಿ ಅವರು ಹೀಗೆ ಕೇಳಿದಾಗಲೆಲ್ಲ ನಾನು ನಿಜ ಹೇಳುತ್ತಿದ್ದೆ. ಅವ್ವ ತೀರಿಕೊಂಡಳಲ್ಲಪ್ಪ ಅನ್ನುತ್ತಿದ್ದೆ. ಅವರಿಗೆ ಅದು ಪ್ರತಿ ಸಲವೂ ಹೊಸ ಸಾವು. ಪ್ರತಿ ಸಲವೂ ಎದೆ ಬಡಿದುಕೊಂಡು ಅಳುತ್ತಿದ್ದರು. ಆ ಹುಡುಗಿ ನನಗಿಂತ ಮೊದಲು ಮಾತಾಡಿದಳು, "ಅವ್ವಾರು ನಿಮಗೆ ಡಬ್ಬಿಗೆ ಏನು ಕಟ್ತಿದ್ರು ಅಜ್ಜ?" ಅಪ್ಪನ ಮುಖ ಅರಳಿತು. ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ ಅಂತ ಎಣಿಸತೊಡಗಿದರು. ಅವರು ಕೇಳುತ್ತಿದ್ದದ್ದು ಅವ್ವನ ಸುದ್ದಿ ಅಲ್ಲ. ಅವ್ವ ಬೇಕಿದ್ದಳು ಅಷ್ಟೆ. ಇಪ್ಪತ್ತಮೂರು ವರ್ಷದ ಆ ಹುಡುಗಿಗೆ ಇದನ್ನು ಯಾರೂ ಕ್ಲಾಸಿನಲ್ಲಿ ಹೇಳಿಕೊಟ್ಟಿಲ್ಲ. ನೋಡಿ ಕಲಿತದ್ದು.

ಆದರೆ ಬೆಳಗಿನ ಜಾವದ ಗಲಾಟೆ ಅವಳಿಗೂ ಬಗೆಹರಿಯಲಿಲ್ಲ. ಐದಕ್ಕೆ ಎದ್ದು ಬಾಗಿಲು ಬಡಿಯುವುದು. ಎಂಟಕ್ಕೆ ಸ್ನಾನಕ್ಕೆ ಕರೆದರೆ ಕೈ ಎತ್ತುವುದು. ರಾತ್ರಿ ನಿದ್ದೆಗೆ ಒಂದು ಮಾತ್ರೆ ಶುರು ಮಾಡಿದರು. ಆಮೇಲೆ ನಾನು ಹೋದಾಗ ಅಪ್ಪ ತೂಕಡಿಸುತ್ತಾ ಕೂತಿದ್ದರು, ತುಟಿಯ ಅಂಚಲ್ಲಿ ಜೊಲ್ಲು. ನಡೆದರೆ ಓಲಾಡುತ್ತಿದ್ದರು. ಒಂದು ಸಲ ಬಿದ್ದು ಮೊಣಕೈ ತರಚಿತು. ಆಗಲೇ ವರಲಕ್ಷ್ಮಿಯ ಫೋನ್ ಬಂದದ್ದು.

ಅವತ್ತು ರಾತ್ರಿ ಸೊಸೈಟಿಯ ಲೆಕ್ಕದ ಪುಸ್ತಕದಿಂದ ಎರಡು ಹಾಳೆ ಹರಿದು ಬರೆಯಲು ಕೂತೆ. ಅರ್ಜಿಯ ಚೌಕದಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಬರೆದೆ. ಅಪ್ಪ ನೂಲುವ ಯಂತ್ರದ ಮುಂದೆ 28 ವರ್ಷ ನಿಂತವರು. ಪಾಳಿ ಬೆಳಗ್ಗೆ ಏಳಕ್ಕೆ, ಐದಕ್ಕೆ ಏಳುತ್ತಿದ್ದರು. ಮಿಲ್ಲಿನ ಸದ್ದಿಗೆ ಕಿವಿ ಮಂದ ಆಗಿದೆ, ಹಿಂದಿನಿಂದ ಕರೆದರೆ ಬೆಚ್ಚುತ್ತಾರೆ. ಎದುರು ನಿಂತು ಮುಖ ತೋರಿಸಿ ಮಾತಾಡಿ, ಮಿಲ್ಲಿನವರು ತುಟಿ ನೋಡಿ ಮಾತು ತಿಳಿಯುವವರು. ಬೆಳಗ್ಗೆ ಎಂದೂ ಸ್ನಾನ ಮಾಡಿದವರಲ್ಲ, ಪಾಳಿ ಮುಗಿಸಿ ಮಧ್ಯಾಹ್ನ ಬಂದ ಮೇಲೆ ತಲೆಗೆ ಮೈಗೆ ಮೆತ್ತಿದ ಹತ್ತಿ ತೊಳೆದುಕೊಳ್ಳುತ್ತಿದ್ದರು. ತಲೆಯ ಮೇಲೆ ಒಮ್ಮೆಲೇ ನೀರು ಹೊಯ್ಯಬೇಡಿ, ಮೊದಲು ಕಾಲಿಗೆ. ಚಾ ಲೋಟದಲ್ಲಿ ಬೇಡ, ಸಾಸರಿಗೆ ಹೊಯ್ದು ಕೊಡಿ. ದುಗ್ಗಮ್ಮನ ಜಾತ್ರೆ ಅಂದರೆ ಪ್ರಾಣ. ಅವ್ವನ ಹೆಸರು ಇಂಥದ್ದು, ಅವಳು ಹೋಗಿದ್ದಾಳೆ, ನೆನಪಿಸಬೇಡಿ. ವರಲಕ್ಷ್ಮಿ ಅಂದರೆ ಹತ್ತಿ. ಬಂತಾ ಅಂತ ಕೇಳಿದರೆ ಬಂದಿದೆ ಅನ್ನಿ.

ಏಳು, ಮೂರು, ಹನ್ನೊಂದು ಅಂತ ಬರೆಯುವಾಗ ಡಾಕ್ಟರ ಮೇಜಿನ ಮೇಲಿನ ಆ ಗಡಿಯಾರ ಕಣ್ಣ ಮುಂದೆ ಬಂತು. ಪೆನ್ನು ಅಲ್ಲೇ ನಿಂತಿತು.

ಮರುದಿನ ಹಾಳೆಗಳನ್ನು ಮೇಲ್ವಿಚಾರಕಿಗೆ ಕೊಟ್ಟೆ. ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟು ಅಪ್ಪನ ಮಂಚದ ಪಕ್ಕ ತೂಗುಹಾಕಿದರು. ನಿದ್ದೆ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ, ಅವರು ಹೇಳಿದ ಹಾಗೆ ಮೆಲ್ಲಗೆ ಕಡಿಮೆ ಮಾಡಿ ನಿಲ್ಲಿಸಿದೆವು. ಸ್ನಾನ ಮಧ್ಯಾಹ್ನ ಮೂರೂವರೆಗೆ ಹೋಯಿತು. ಮೊದಲ ದಿನವೇ ಜಗಳ ಇಲ್ಲ. ರಾತ್ರಿ ಪಾಳಿಯ ಹೆಂಗಸು ಐದಕ್ಕೆ ಅಪ್ಪ ಎದ್ದಾಗ ಎದುರು ನಿಂತು, "ಇವತ್ತು ನಿಮಗೆ ವೀಕ್ಲಿ ಆಫ್ ಅಜ್ಜ" ಅನ್ನುವುದು ಕಲಿತಳು. ಕೆಲವು ದಿನ ಮಲಗುತ್ತಿದ್ದರು. ಮಲಗದ ದಿನ ಸಾಸರಿನಲ್ಲಿ ಚಾ ಕೊಟ್ಟು ಅಂಗಳದಲ್ಲಿ ನಾಲ್ಕು ಸುತ್ತು ನಡೆಸುತ್ತಿದ್ದಳು. ಎಲ್ಲಾ ಸರಿಹೋಯಿತು ಅಂತ ಹೇಳಲ್ಲ. ವಾರಕ್ಕೆ ಎರಡು ದಿನ ಈಗಲೂ ಗಲಾಟೆ ಇದ್ದದ್ದೇ.

ಅಲ್ಲಿ ಮಧ್ಯಾಹ್ನ ಅಜ್ಜಿಯರು ದೀಪದ ಬತ್ತಿ ಹೊಸೆಯಲು ಕೂರುತ್ತಾರೆ. ಹರಪನಹಳ್ಳಿ ಕಡೆಯ ಒಬ್ಬ ಅಜ್ಜಿ ಇದ್ದಾರೆ, ಮಕ್ಕಳ ಹೆಸರು ನೆನಪಿಲ್ಲ, ಸೋಬಾನೆ ಪದ ಒಂದೂ ತಪ್ಪಿಲ್ಲ. ಅವರೇ ಹಾಡುತ್ತಾ ಹೊಸೆಯುತ್ತಾರೆ. ಬತ್ತಿ ಹೊಸೆಯೋದು ಹೆಂಗಸರ ಕೆಲಸ ಅಂತ ಅಪ್ಪನನ್ನು ಯಾರೂ ಕರೆದಿರಲಿಲ್ಲ. ಹಾಳೆ ಓದಿದ ಮೇಲೆ ಆ ಹುಡುಗಿ ಕರೆದು ಕೂರಿಸಿದಳು. ಅಪ್ಪ ಹತ್ತಿಯನ್ನು ಕೈಗೆ ತೆಗೆದುಕೊಂಡು ಹೊಸೆಯಲಿಲ್ಲ. ಎರಡು ಬೆರಳಿನಿಂದ ಒಂದು ಚೂರು ಎಳೆದರು, ಬೆಳಕಿಗೆ ಹಿಡಿದರು, ಮತ್ತೆ ಎಳೆದರು. "ಎಳೆ ಗಿಡ್ಡ. ಇದು ಕಡಿಯುತ್ತೆ" ಅಂದರು. ಅಜ್ಜಿಯರು ಹಾಡು ನಿಲ್ಲಿಸಿ ನೋಡಿದರಂತೆ. ಅವತ್ತಿನಿಂದ ಹತ್ತಿಯ ಪೊಟ್ಟಣ ಬಂದರೆ ಮೊದಲು ಅಪ್ಪನ ಕೈಗೆ. ಅವರು ನೋಡಿ ಸರಿ ಅಂದ ಮೇಲೆ ಉಳಿದವರಿಗೆ.

ನಾನು ವಾರಕ್ಕೆ ಎರಡು ಸಲ ಹೋಗುತ್ತೇನೆ. ಸೇರಿಸಿದ ಮೇಲೆ ನನ್ನ ಕೆಲಸ ಮುಗಿಯಲಿಲ್ಲ, ಬದಲಾಯಿತು. ಮನೆಯಲ್ಲಿ ಇದ್ದಾಗ ನಾನು ಬರೀ ಕಾವಲಿನವಳು ಆಗಿಬಿಟ್ಟಿದ್ದೆ. ಮೈಮುಟ್ಟಿ ಕೂತು ಮಾತಾಡಿದ್ದೇ ಇಲ್ಲ. ಈಗ ಉಗುರು ತೆಗೆಯುತ್ತೇನೆ, ತಲೆಗೆ ಎಣ್ಣೆ ಹಚ್ಚುತ್ತೇನೆ.

ಒಂದು ಸಲ ನಾನು ಖಾರ ಮಂಡಕ್ಕಿ ತೆಗೆದುಕೊಂಡು ಹೋಗಿದ್ದೆ. ತಟ್ಟೆ ಊಟ ಮುಟ್ಟದವರು ಕೈಯಲ್ಲಿ ಮಂಡಕ್ಕಿ ಕೊಟ್ಟರೆ ತಿನ್ನುತ್ತಿದ್ದರು. ಆದರೆ ನರ್ಸ್ ತಡೆದರು. ಕಾಯಿಲೆ ಹೆಚ್ಚಿದ ಹಾಗೆ ನುಂಗುವುದೂ ಮರೆಯುತ್ತೆ, ಒಣಗಿದ, ಪುಡಿಯಾಗುವ ಪದಾರ್ಥ ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂದರು. ಈಗ ಚೆನ್ನಾಗಿ ತೋಯಿಸಿ ಮೆತ್ತಗೆ ಒಗ್ಗರಣೆ ಹಾಕಿ ಒಯ್ಯುತ್ತೇನೆ. ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ತಟ್ಟೆಯಲ್ಲಿ ನಾಲ್ಕು ಬಗೆ ಇಟ್ಟರೆ ಗೊಂದಲ ಆಗುತ್ತೆ, ಒಂದೊಂದೇ ಇಡಬೇಕು. ಇದೂ ಅಲ್ಲೇ ಕಲಿತದ್ದು.

ಜುಲೈನಲ್ಲಿ ಒಂದೇ ದಿನದಲ್ಲಿ ಅಪ್ಪ ಪೂರ್ತಿ ಬೇರೆಯವರ ಹಾಗೆ ಆದರು. ಗಾಳಿಯಲ್ಲಿ ಏನೋ ಹಿಡಿಯುವುದು, ಯಾರನ್ನೋ ಕೂಗುವುದು, ಊಟ ಬಿಟ್ಟರು. ತೋರಿಸಿದ ಕಡೆ ಒಬ್ಬ ಡಾಕ್ಟರು "ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ, ವಯಸ್ಸಾಯ್ತಲ್ಲ" ಅಂದುಬಿಟ್ಟರು. ಆ ಹುಡುಗಿ ಒಪ್ಪಲಿಲ್ಲ. "ನಿನ್ನೆ ಸರಿ ಇದ್ರು ಅಕ್ಕ. ಮರೆವು ಒಂದೇ ದಿನಕ್ಕೆ ಹಿಂಗೆ ಏರಲ್ಲ. ಮೂತ್ರ ಪರೀಕ್ಷೆ ಮಾಡಿಸ್ರಿ" ಅಂದಳು. ಮಾಡಿಸಿದೆವು. ಮೂತ್ರದ ಸೋಂಕು. ಆ್ಯಂಟಿಬಯೋಟಿಕ್ ಶುರುವಾಗಿ ನಾಲ್ಕು ದಿನಕ್ಕೆ ಅಪ್ಪ ಮೊದಲಿನ ಹಾಗೆ ಆದರು. ಮನೆಯಲ್ಲಿ ಇಂಥವರು ಇರುವ ಎಲ್ಲರಿಗೂ ಹೇಳುತ್ತೇನೆ. ದಿಢೀರ್ ಅಂತ ಗೊಂದಲ ಹೆಚ್ಚಾದರೆ ಡಿಮೆನ್ಷಿಯಾದ ಮೇಲೆ ಹಾಕಿ ಸುಮ್ಮನೆ ಕೂರಬೇಡಿ. ಸೋಂಕು, ಮಲಬದ್ಧತೆ, ನೀರು ಸಾಲದ್ದು, ಹೊಸ ಮಾತ್ರೆ, ಇವನ್ನು ಮೊದಲು ನೋಡಿಸಿ.

ಆ ಹುಡುಗಿಗೆ ಅಲ್ಲಿ ಸಿಗುವ ಸಂಬಳ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವವರಿಗೆ ಸಿಗುವುದಕ್ಕಿಂತ ಕಡಿಮೆ. ಬೆನ್ನು ನೋವು ಅಂತ ಬೆಲ್ಟು ಕಟ್ಟಿಕೊಂಡಿದ್ದಾಳೆ. ಅವಳು ಬಿಟ್ಟು ಹೋದರೆ ಏನು ಮಾಡೋದು ಅಂತ ನನಗೆ ನಿದ್ದೆ ಬರದ ರಾತ್ರಿಗಳಿವೆ. ಸಂಬಳ ಹೆಚ್ಚಿಸಿ ಅಂತ ಆಶ್ರಮದವರಿಗೆ ನಾವು ಎಂಟು ಮನೆಯವರು ಸೇರಿ ಕೇಳಿದ್ದೇವೆ. ತಿಂಗಳಿಗೆ ಐನೂರು ನಾವೂ ಹೆಚ್ಚು ಕೊಡುತ್ತೇವೆ ಅಂದಿದ್ದೇವೆ. ಇನ್ನೂ ತೀರ್ಮಾನ ಆಗಿಲ್ಲ.

ನವೆಂಬರಿನಲ್ಲಿ ಅಪ್ಪನ ಪಿಂಚಣಿಗೆ ಜೀವನ ಪ್ರಮಾಣ ಪತ್ರ ಕೊಡಬೇಕಿತ್ತು. ಭವಿಷ್ಯ ನಿಧಿಯ ಪಿಂಚಣಿ, ಎರಡು ಸಾವಿರವೂ ಇಲ್ಲ. ಆದರೆ ಅದು ಅವರ ದುಡಿಮೆಯದು, ನಿಲ್ಲಿಸಲು ನನಗೆ ಮನಸ್ಸಿಲ್ಲ. ಹಿಂದಿನ ವರ್ಷಗಳಲ್ಲಿ ಬೆರಳಚ್ಚು ಒತ್ತಿಸಲು ಹೋದರೆ ಯಂತ್ರ ಒಪ್ಪುತ್ತಿರಲಿಲ್ಲ. ನೂಲು ಎಳೆದೆಳೆದು ಬೆರಳಿನ ಗೆರೆಗಳೇ ಸವೆದಿದ್ದವು. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತೆ. ಆ್ಯಪ್ ಹಾಕಿಕೊಂಡು ಆಶ್ರಮಕ್ಕೆ ಹೋದೆ. ಮುಖ ಚೌಕಟ್ಟಿನ ಒಳಗೆ ಇರಬೇಕು, ಕಣ್ಣು ಮಿಟುಕಿಸಬೇಕು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಇಲ್ಲಿ ನೋಡಿ ಅಪ್ಪ ಅಂದೆ. ನೋಡಲಿಲ್ಲ. ಗಲ್ಲ ಹಿಡಿದು ಎತ್ತಿದರೆ ಕೈ ತಳ್ಳಿದರು. ಐದು ಸಲ ಆಯಿತು. ನಾನು ಮೊಬೈಲ್ ಕೆಳಗಿಟ್ಟೆ.

ಹುಡುಗಿ ಬಂದು ಅಪ್ಪನ ಎದುರು ನಿಂತಳು. ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲ ಮಾಡಿ ಹೇಳಿದಳು.

"ಅಜ್ಜ, ಹಾಜರಿ ತಗೋತಿದಾರೆ."

ಅಪ್ಪ ಬೆನ್ನು ನೆಟ್ಟಗೆ ಮಾಡಿದರು. ಅಂಗಿಯ ಮೇಲಿನ ಗುಂಡಿ ಹುಡುಕಿ ಹಾಕಿಕೊಂಡರು. ಮೊಬೈಲಿನ ಕಡೆ ನೇರ ನೋಡಿ, "ಟಿಕೆಟ್ ನಂಬರ್ ನಾನೂರ ಹದಿನೇಳು" ಅಂದರು. ಕಣ್ಣು ಮಿಟುಕಿಸಿದರು. ಚೌಕಟ್ಟು ಹಸಿರಾಯಿತು.

ಮಿಲ್ಲಿನ ಹಾಜರಿಯ ಆ ನಂಬರು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಮಂಚದ ಪಕ್ಕದ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಎರಡನೇ ಪುಟದ ಕೊನೆಯಲ್ಲಿ ಜಾಗ ಇತ್ತು, ಅಲ್ಲಿ ಬರೆದೆ: ಟಿಕೆಟ್ ನಂಬರ್ 417.